ಕೊನೆಯ ಭಾಗವಿಲ್ಲದೆ ವೇದಿಕೆ ಹತ್ತಿದ ಸಿಂಫನಿ

ಪ್ರೀತಿಯ ರಘು,

ವಿಲಿಯಂ ವಾಲ್ಟನ್‌ನ ಮೊದಲನೇ ಸಿಂಫನಿ ಕೇಳಿ ನೀನು ಕಳಿಸಿದ ಮೆಸೇಜು ಓದಿ ನಗು ಬಂತು. "ಮೊದಲ ಭಾಗ ಮುಗಿಯುವಷ್ಟರಲ್ಲಿ ತಲೆ ಗಿರ್ ಅಂತು, ಆಫ್ ಮಾಡಿದೆ. ಇದರಲ್ಲಿ ನಿನಗೇನು ಕಂಡಿತೋ ಮಾರಾಯ" ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ, ಮಾತು ಭೀಮಸೇನ ಜೋಶಿಯವರ ಕಡೆ ತಿರುಗುತ್ತದೆ, ಅಲ್ಲಿಂದ ಊಟದ ಕಡೆ. ಹಾಗಾಗಿ ಕಾಗದವೇ ವಾಸಿ ಅನ್ನಿಸಿತು. ಇದನ್ನು ನಮ್ಮ ಉಳಿದ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ವಾಲ್ಟನ್ ಇಂಗ್ಲೆಂಡಿನ ಸಂಗೀತ ರಚನಕಾರ. ಸಿಂಫನಿ ಅಂದರೆ ಇಡೀ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ, ಇದರಲ್ಲಿ ನಾಲ್ಕು ಭಾಗ. ಇದನ್ನು ಕೇಳಿ ತಲೆ ಗಿರ್ ಅನ್ನದಿದ್ದರೆ ಕೇಳಿದವನ ಕಿವಿಯ ಮೇಲೇ ಅನುಮಾನ ಪಡಬೇಕು. ಅದನ್ನು ಬರೆದದ್ದೇ ಹಾಗೆ. ಆದರೆ ಗದ್ದಲದಿಂದ ನಿನಗೆ ತಲೆ ತಿರುಗಿತು ಅಂತ ನೀನು ಅಂದುಕೊಂಡಿದ್ದೀಯ. ಕಾರಣ ಅದಲ್ಲ. ಶುರುವಿನ ಎರಡು ನಿಮಿಷ ಇನ್ನೊಂದು ಸಲ ಕೇಳು. ಟಿಂಪನಿಯ (ನಗಾರಿಯಂಥ ವಾದ್ಯ) ಮೇಲೆ ಬಿ ಫ್ಲ್ಯಾಟ್ ಎಂಬ ಸ್ವರ, ಕೇಳಿಯೂ ಕೇಳದಂಥ ಸಣ್ಣ ಗುಡುಗು. ಅದರ ಮೇಲೆ ಹಾರ್ನುಗಳು (ಹಿತ್ತಾಳೆಯ ಕೊಂಬುಗಳು) ಒಂದೊಂದಾಗಿ ಬಂದು ಸ್ವರ ಪೇರಿಸುತ್ತವೆ. ಪಿಟೀಲುಗಳು ಒಂದು ಚಡಪಡಿಕೆಯ ಲಯವನ್ನು ಹಿಡಿದವು ಅಂದರೆ ಬಿಡುವುದೇ ಇಲ್ಲ. ಅಷ್ಟಾದ ಮೇಲೆ ಓಬೋ, ನಮ್ಮ ಶಹನಾಯಿಯಂಥ ಊದುವ ವಾದ್ಯ. ಒಂದು ಸ್ವರವನ್ನು ಉದ್ದಕ್ಕೆ ಎಳೆದು, ಇನ್ನೇನು ರಾಗವಾಗುತ್ತದೆ ಅನ್ನುವಾಗ ಸರಕ್ಕನೆ ಕೊಸರಿಕೊಂಡು ಬಿಡುತ್ತದೆ. ಇಷ್ಟು ಹೊತ್ತೂ ಕೆಳಗಿನ ಆ ಬಿ ಫ್ಲ್ಯಾಟ್ ಕದಲಿಲ್ಲ, ಗಮನಿಸಿದೆಯಾ?

ನಮ್ಮ ಕಿವಿಗೆ ಇದು ಇನ್ನಷ್ಟು ವಿಚಿತ್ರವಾಗಿ ತಟ್ಟುತ್ತದೆ. ತಂಬೂರಿಯ ಶ್ರುತಿ ಕೇಳಿ ಬೆಳೆದವರಿಗೆ ಕೆಳಗೆ ನಿಂತ ಸ್ವರ ಅಂದರೆ ನೆಲೆ. ಎಲ್ಲೆಲ್ಲಿ ಅಲೆದರೂ ಷಡ್ಜಕ್ಕೆ ಬಂದು ಸೇರಿದರೆ ಸಮಾಧಾನ. ಇಲ್ಲಿ ಅದೇ ನಿಂತ ಸ್ವರ ಬೇಡಿಯಾಗಿದೆ. ಮೇಲಿನ ಸ್ವರಗಳಿಗೆ ಬೇರೆಲ್ಲಿಗೋ ಹೋಗಬೇಕು, ಕೆಳಗಿನದು ಬಿಡುವುದಿಲ್ಲ. ಅವು ಅದರ ವಿರುದ್ಧವೇ ಜಗ್ಗುತ್ತವೆ, ಜಗ್ಗಿದಷ್ಟೂ ಕರ್ಕಶವಾಗುತ್ತವೆ. ಬಹಳ ಹೊತ್ತಾದ ಮೇಲೆ ಆ ಕೆಳಗಿನ ಸ್ವರ ಒಮ್ಮೆ ಸರಿಯುತ್ತದೆ ನೋಡು, ಆಗ ನೆಲವೇ ಜರುಗಿದ ಹಾಗಾಗುತ್ತದೆ. ಸರಿದದ್ದು ಎಲ್ಲಿಗೆ? ಮತ್ತೊಂದು ಕಡೆ ಹೋಗಿ ಹಾಗೇ ಕಾಲೂರುವುದಕ್ಕೆ. ಸುಮಾರು ಹದಿನಾಲ್ಕು ನಿಮಿಷ ಇದೇ ಕತೆ. ಅಷ್ಟೊಂದು ವೇಗ, ಅಷ್ಟೊಂದು ಆವೇಶ, ಆದರೆ ನಿಂತಲ್ಲೇ. ನಿನ್ನ ತಲೆ ಕೆಟ್ಟದ್ದು ಆ ಸಿಕ್ಕಿಬಿದ್ದ ಸ್ಥಿತಿಗೆ ಅಂತ ನನ್ನ ವಾದ.

ಗದ್ದಲ ಅಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ವಾದ್ಯಗಳ ಪಟ್ಟಿ ನೋಡಿದರೆ ಹತ್ತೊಂಬತ್ತನೇ ಶತಮಾನದ ಬ್ರಾಮ್ಸ್ ಕಾಲದ ವಾದ್ಯವೃಂದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಊದುವ ಮರದ ವಾದ್ಯಗಳು ಎರಡೆರಡು, ಹಿತ್ತಾಳೆಯವುಗಳಲ್ಲಿ ಹಾರ್ನು ನಾಲ್ಕು, ಟ್ರಂಪೆಟ್ ಮೂರು, ಟ್ರಾಂಬೋನ್ ಮೂರು, ಒಂದು ಟ್ಯೂಬಾ, ಮತ್ತೆ ತಂತಿವಾದ್ಯಗಳು. ಮೊದಲ ಮೂರು ಭಾಗಗಳಲ್ಲಿ ಬಡಿಯುವ ವಾದ್ಯ ಅಂತ ಇರುವುದು ಟಿಂಪನಿ ಒಂದೇ. ತಾಳ, ಡ್ರಮ್ಮು, ಜಾಗಟೆ ಎಲ್ಲವನ್ನೂ ವಾಲ್ಟನ್ ಕೊನೆಯ ಭಾಗಕ್ಕೆ ಎತ್ತಿಟ್ಟಿದ್ದಾನೆ. ನಿನ್ನನ್ನು ಓಡಿಸಿದ್ದು ಸಲಕರಣೆಯಲ್ಲ, ಬರವಣಿಗೆ.

ಈಗ ಆಸಾಮಿಯ ವಿಚಾರಕ್ಕೆ ಬರುತ್ತೇನೆ. ಹುಟ್ಟಿದ್ದು 1902ರಲ್ಲಿ, ಲ್ಯಾಂಕಾಶೈರಿನ ಓಲ್ಡಮ್ ಎಂಬ ಹತ್ತಿ ಗಿರಣಿಗಳ ಊರಿನಲ್ಲಿ. ಅಪ್ಪ ಚರ್ಚಿನ ಗಾಯಕವೃಂದಕ್ಕೆ ಹಾಡು ಕಲಿಸುತ್ತಿದ್ದವನು, ಅಮ್ಮನೂ ಹಾಡುತ್ತಿದ್ದವಳು. ಹತ್ತು ವರ್ಷದ ಹುಡುಗನನ್ನು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಗಾಯಕವೃಂದದ ಆಯ್ಕೆಗೆ ಕರೆದುಕೊಂಡು ಹೋಗಬೇಕು. ಹಿಂದಿನ ರಾತ್ರಿ ಅಪ್ಪ ರೈಲಿನ ದುಡ್ಡನ್ನು ಕುಡಿದು ಮುಗಿಸಿದ್ದ. ಅಮ್ಮ ತರಕಾರಿ ಅಂಗಡಿಯವನ ಹತ್ತಿರ ಸಾಲ ತಂದು ಮಗನನ್ನು ಹೊರಡಿಸಿದಳು. ತಲುಪುವಷ್ಟರಲ್ಲಿ ಆಯ್ಕೆ ಮುಗಿದಿತ್ತು. ಅವಳು ಗೋಗರೆದ ಮೇಲೆ ಹುಡುಗನ ಹಾಡು ಕೇಳಿದರು, ಸೇರಿಸಿಕೊಂಡರು. ಆ ತರಕಾರಿಯವನು ಅವತ್ತು ಕೈಯೆತ್ತಿದ್ದರೆ ವಾಲ್ಟನ್ ಗಿರಣಿಯಲ್ಲೋ ಗುಮಾಸ್ತಿಕೆಯಲ್ಲೋ ಇರುತ್ತಿದ್ದ.

ಆಕ್ಸ್‌ಫರ್ಡಿನಲ್ಲಿ ಪದವಿ ದಕ್ಕಲಿಲ್ಲ. ದಕ್ಕಿದ್ದು ಸಿಟ್ವೆಲ್ ಅಣ್ಣತಮ್ಮಂದಿರ ಸ್ನೇಹ. ಹಣ, ಸಾಹಿತ್ಯ, ಹುಚ್ಚಾಟ ಮೂರೂ ಇದ್ದ ಮನೆ ಅದು. ಕೆಲವು ವಾರ ಇದ್ದು ಬರುತ್ತೇನೆ ಅಂತ ಲಂಡನ್ನಿನ ಅವರ ಮನೆಗೆ ಹೋದವನು ಹದಿನೈದು ವರ್ಷದಷ್ಟು ಅವರ ಆಶ್ರಯದಲ್ಲೇ ಉಳಿದ. 1929ರಲ್ಲಿ ವಯೋಲಾ ಕಾನ್ಚರ್ಟೊ (ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾವನ್ನು ಮುಂದಿಟ್ಟು ವಾದ್ಯವೃಂದ ನುಡಿಸುವ ಕೃತಿ), 1931ರಲ್ಲಿ ಲೀಡ್ಸ್ ಉತ್ಸವದಲ್ಲಿ 'ಬೆಲ್ಷಾಜರ್ಸ್ ಫೀಸ್ಟ್' ಎಂಬ ಅಬ್ಬರದ ಗಾಯನ ಕೃತಿ. ಮೂವತ್ತು ದಾಟುವ ಮೊದಲೇ ಇಂಗ್ಲೆಂಡಿನ ಯುವ ಸಂಗೀತಗಾರರಲ್ಲಿ ಮೊದಲ ಹೆಸರು ಇವನದೇ ಆಯಿತು. ಮ್ಯಾಂಚೆಸ್ಟರಿನ ಹಾಲೆ ವಾದ್ಯವೃಂದದ ನಿರ್ದೇಶಕ ಹ್ಯಾಮಿಲ್ಟನ್ ಹಾರ್ಟಿ ಇವನನ್ನು ಹಿಡಿದು, ನನಗೊಂದು ಸಿಂಫನಿ ಬರೆದುಕೊಡು ಅಂದ.

ಆ ಹೊತ್ತಿಗೆ ವಾಲ್ಟನ್ ಇಮ್ಮಾ ಫಾನ್ ಡೋರ್ನ್‌ಬರ್ಗ್ ಎಂಬ ಜರ್ಮನ್ ಹೆಂಗಸಿನ ಪ್ರೇಮದಲ್ಲಿ ಮುಳುಗಿದ್ದ. ಚಿಕ್ಕ ವಯಸ್ಸಿನ ವಿಧವೆ. ಇಬ್ಬರೂ ಸ್ವಿಟ್ಜರ್ಲೆಂಡಿನ ಅಸ್ಕೋನಾದಲ್ಲಿ, ಸರೋವರದ ದಂಡೆಯಲ್ಲಿ ಇದ್ದಾಗ 1932ರಲ್ಲಿ ಸಿಂಫನಿಯ ಕೆಲಸ ಶುರುವಾಯಿತು. ಹೊಟ್ಟೆಪಾಡಿನ ಚಿಂತೆಯೂ ಆಗ ಅಷ್ಟಿರಲಿಲ್ಲ. ಎಲಿಜಬೆತ್ ಕೋರ್ಟಲ್ಡ್ ಎಂಬ ಸಿರಿವಂತೆ ತನ್ನ ಉಯಿಲಿನಲ್ಲಿ ಇವನಿಗೆ ವರ್ಷಕ್ಕೆ 500 ಪೌಂಡ್ ಬರೆದಿಟ್ಟು ಹೋಗಿದ್ದಳು. ಸರೋವರ, ಪ್ರೇಮ, ಕೈಯಲ್ಲಿ ಕಾಸು. ಹೊರಬಂದದ್ದು ಮಾತ್ರ ಈ ಕತ್ತಲು! ಅಲ್ಲಿ ಎಲ್ಲವೂ ನೆಟ್ಟಗಿರಲಿಲ್ಲ ಅಂತ ಸಂಗೀತವೇ ಹೇಳುತ್ತದೆ. ಕೆಲಸ ಆಮೆ ನಡಿಗೆಯಲ್ಲಿ ಸಾಗಿತು. ಸಂಬಂಧ ಅದಕ್ಕಿಂತ ಬೇಗ ಹಳಸಿತು. ಕೊನೆಗೆ ಆಕೆ ಹಂಗೆರಿಯ ವೈದ್ಯನೊಬ್ಬನ ಕಡೆ ವಾಲಿ ಇವನನ್ನು ಬಿಟ್ಟು ಹೋದಳು. ಆದರೂ ಸಿಂಫನಿಯ ಮೊದಲ ಪುಟದಲ್ಲಿ ಅರ್ಪಣೆ ಅವಳ ಹೆಸರಿಗೇ ಇದೆ. ಅಳಿಸಲಿಲ್ಲ. ಇದನ್ನು ದೊಡ್ಡತನ ಅನ್ನಬೇಕೋ ಚುಚ್ಚುಮಾತು ಅನ್ನಬೇಕೋ ನೀನೇ ಹೇಳು.

ನಿನಗೆ ಮುಖ್ಯವಾಗಿ ಹೇಳಬೇಕಾದ ಕತೆ ಇಲ್ಲಿಂದ ಶುರು. ಮೂರು ಭಾಗ ಮುಗಿದಿತ್ತು, ನಾಲ್ಕನೆಯದು ಹೊರಡಲೇ ಇಲ್ಲ. ಹೇಳಿದ ತಾರೀಖು ಮೀರಿತು, ಮುಂದೂಡಿದ್ದೂ ಆಯಿತು. ಹಾರ್ಟಿ ಅಷ್ಟರಲ್ಲಿ ಹಾಲೆ ಬಿಟ್ಟು ಲಂಡನ್ ಸಿಂಫನಿ ಆರ್ಕೆಸ್ಟ್ರಾಗೆ ಬಂದಿದ್ದ. ಕೊನೆಗೆ 1934ರ ಡಿಸೆಂಬರ್ 3ರಂದು ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ, ಇದ್ದ ಮೂರು ಭಾಗಗಳನ್ನೇ ನುಡಿಸಿಬಿಟ್ಟರು! ಕ್ಲೈಮ್ಯಾಕ್ಸ್ ಇಲ್ಲದ ನಾಟಕಕ್ಕೆ ಟಿಕೆಟ್ ಮಾರಿದ ಹಾಗೆ. ಬಂದವರು ಸಿಟ್ಟಾಗಲಿಲ್ಲ, ಮೆಚ್ಚಿಕೊಂಡರು. ಮೂರನೇ ಭಾಗ ಮುಗಿಯುವುದು ಒಂಟಿ ಕೊಳಲಿನಲ್ಲಿ. ಅಷ್ಟೆಲ್ಲ ರೋಷ ಕೇಳಿದ ಜನ ಆ ಕೊಳಲನ್ನು ಕೇಳಿ, ಕೋಟು ಹಾಕಿಕೊಂಡು ಡಿಸೆಂಬರಿನ ಚಳಿಗೆ ಹೊರಬಿದ್ದಿರಬೇಕು. ಅವತ್ತು ಆ ಸಭೆಯಲ್ಲಿ ಕೂತಿರಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹೋಗಿ ನೋಡೋಣ ಅಂದರೆ ಆ ಸಭಾಂಗಣವೂ ಉಳಿದಿಲ್ಲ, 1941ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು.

ನೀನು ಕೇಳದೆ ಬಿಟ್ಟ ಆ ನಡುವಿನ ಎರಡು ಭಾಗಗಳ ಬಗ್ಗೆ ಎರಡು ಮಾತು. ಎರಡನೆಯದು ಸ್ಕೆರ್ಟ್ಸೊ, ಅಂದರೆ ಚುರುಕು ನಡೆಯ ಭಾಗ. ಅತಿ ವೇಗವಾಗಿ, ಕೇಡಿನ ಮನಸ್ಸಿನಿಂದ ನುಡಿಸಿ ಅಂತ ಇಟಾಲಿಯನ್ನಿನಲ್ಲಿ ಸೂಚನೆ ಬರೆದಿದ್ದಾನೆ. ಸಂಗೀತಗಾರರಿಗೆ ಇಂಥ ಸೂಚನೆ ಕೊಟ್ಟವರು ಅಪರೂಪ. ಆರೇ ನಿಮಿಷ. ಲೆಕ್ಕ ಹಾಕುತ್ತಾ ಕೂರಬೇಡ, ತಪ್ಪುತ್ತದೆ. ಪೆಟ್ಟು ಬೀಳಬೇಕಾದ ಕಡೆ ಮೌನ, ಮೌನವಿರಬೇಕಾದ ಕಡೆ ಪೆಟ್ಟು. ತನಿಯಾವರ್ತನದಲ್ಲಿ ಮೃದಂಗದವರು ನಿನ್ನನ್ನು ಏಮಾರಿಸಿದಾಗ ಸಂತೋಷವಾಗುತ್ತದಲ್ಲ, ಕಡೆಗೆ ಸಮಕ್ಕೆ ಕರೆತಂದು ಕೈ ಕುಲುಕುತ್ತಾರಲ್ಲ, ಆ ಸೌಜನ್ಯ ಇಲ್ಲಿ ಇಲ್ಲ. ಮುಗಿಯಿತು ಅನ್ನಿಸಿ ಸದ್ದಡಗುತ್ತದೆ. ಮುಗಿದಿರುವುದಿಲ್ಲ. ಮತ್ತೊಂದು ಬಡಿತ. ಜಗಳದಲ್ಲಿ ಬಾಗಿಲು ಹಾಕಿಕೊಂಡು ಹೋದವರು ಇನ್ನೊಂದು ಮಾತು ನೆನಪಾಗಿ ತಿರುಗಿ ಬರುತ್ತಾರಲ್ಲ, ಥೇಟ್ ಹಾಗೆ. ಅದರಲ್ಲಿ ಒಂದು ಚೂರೂ ನಗುವಿಲ್ಲ ಅಂತಲ್ಲ, ಇದೆ, ಆದರೆ ಆ ನಗು ನಿನ್ನ ಜೊತೆ ನಗುವ ನಗುವಲ್ಲ.

ಮೂರನೆಯದು ವಿಷಾದ. ಅದನ್ನೂ ಸೂಚನೆಯಲ್ಲೇ ಹೇಳಿಬಿಟ್ಟಿದ್ದಾನೆ. ಕೊಳಲಿನಿಂದ ಶುರುವಾಗಿ, ಉಬ್ಬಿ, ಒಂದು ಕಡೆ ಇಡೀ ವಾದ್ಯವೃಂದ ಗಂಟಲು ಕಟ್ಟಿದ ಹಾಗೆ ಕೂಗಿ, ಮತ್ತೆ ಕೊಳಲಿಗೇ ಬಂದು ನಿಲ್ಲುತ್ತದೆ. ನಿನಗೆ ಇದು ಹಿಡಿಸುತ್ತದೆ ಅಂತ ನನಗೆ ಖಾತ್ರಿ. ಇದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

ಸರಿ, ನಾಲ್ಕನೆಯ ಭಾಗದ ಪಾಡೇನಾಯಿತು? ಶುರು ಹೊಳೆದಿತ್ತಂತೆ, ಕೊನೆಯೂ ಹೊಳೆದಿತ್ತಂತೆ, ನಡುವೆ ಏನು ಹಾಕಬೇಕು ಅಂತ ಗೊತ್ತಾಗದೆ ಕೂತಿದ್ದ. ಸಂಗೀತಗಾರ ಗೆಳೆಯ ಕಾನ್‌ಸ್ಟಂಟ್ ಲ್ಯಾಂಬರ್ಟ್ ಒಂದು ಫ್ಯೂಗ್ ಹಾಕು ಅಂದ. ಒಂದೇ ಎಳೆಯನ್ನು ಒಂದು ವಾದ್ಯ ಎತ್ತಿ, ಅದರ ಹಿಂದೆಯೇ ಇನ್ನೊಂದು, ಮತ್ತೊಂದು ಅಂತ ಹೆಣೆದುಕೊಂಡು ಹೋಗುವ ಹಳೆಯ ಕಟ್ಟು ಅದು. ನನಗೆ ಬರೆಯಲು ಬರುವುದಿಲ್ಲ ಅಂದನಂತೆ ವಾಲ್ಟನ್. ಗ್ರೋವ್ ಸಂಗೀತ ಕೋಶದಲ್ಲಿ ಅದರ ಬಗ್ಗೆ ಒಂದೆರಡು ಒಳ್ಳೆಯ ಪುಟ ಇವೆ, ನೋಡಿಕೋ ಅಂದನಂತೆ ಲ್ಯಾಂಬರ್ಟ್! ಇಡೀ ದೇಶ ಕಾಯುತ್ತಿದ್ದ ಸಿಂಫನಿಯ ಗಂಟು ಬಿಚ್ಚಿದ್ದು ಹೀಗೆ. ಇದೇ ಕಾಲದಲ್ಲಿ ವಾಲ್ಟನ್‌ನ ಬದುಕಿಗೂ ಬೇರೆಯವರು ಬಂದರು. ಆಲಿಸ್ ವಿಂಬೋರ್ನ್, ಇವನಿಗಿಂತ ಇಪ್ಪತ್ತೆರಡು ವರ್ಷ ದೊಡ್ಡವಳು, ಸಂಗೀತ ಬಲ್ಲವಳು. 1948ರಲ್ಲಿ ಆಕೆ ತೀರಿಕೊಳ್ಳುವವರೆಗೂ ಜೊತೆಗಿದ್ದಳು. 1935ರ ನವೆಂಬರ್ 6ರಂದು ಅದೇ ಕ್ವೀನ್ಸ್ ಹಾಲಿನಲ್ಲಿ, ಈ ಸಲ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ, ಹಾರ್ಟಿಯೇ ಮುಂದೆ ನಿಂತು ನಾಲ್ಕೂ ಭಾಗ ನುಡಿಸಿದ. ಭಾರಿ ಗೆಲುವು. ಮುಂದಿನ ತಿಂಗಳೇ ಡೆಕ್ಕಾ ಕಂಪನಿ ಹಾರ್ಟಿಯಿಂದ ಅದರ ರೆಕಾರ್ಡ್ ಮಾಡಿಸಿತು.

ಕೇಳುಗರು ಎರಡು ಪಂಗಡವಾಗುವುದು ಈ ಕೊನೆಯ ಭಾಗದ ಹತ್ತಿರ. ಅದು ಬಿ ಫ್ಲ್ಯಾಟ್ ಮೇಜರ್ ಎಂಬ, ಕಿವಿಗೆ ಬೆಳಕಿನಂತೆ ಕೇಳುವ ಸ್ವರಶ್ರೇಣಿಯಲ್ಲಿ, ರಾಜಗಾಂಭೀರ್ಯದಲ್ಲಿ ಶುರುವಾಗುತ್ತದೆ. ಮೂರು ಭಾಗ ಉರಿದ ಮೇಲೆ ಇದ್ದಕ್ಕಿದ್ದಂತೆ ಬಾವುಟ, ಮೆರವಣಿಗೆ. ಬೇರೆ ಸಿನಿಮಾದ ರೀಲು ಹಾಕಿದರು ಅನ್ನುವವರು ತುಂಬ ಜನ. ಮೂರಕ್ಕೇ ನಿಲ್ಲಿಸಿದ್ದರೆ ಪ್ರಾಮಾಣಿಕವಾಗಿರುತ್ತಿತ್ತು, ಹೊಸ ಪ್ರೇಮ ಸಿಕ್ಕಿದ ಮೇಲೆ ಹಳೆಯ ಕೋಪಕ್ಕೆ ಸುಣ್ಣ ಹೊಡೆದ ಅನ್ನುವುದು ಅವರ ದೂರು. ನೀನೂ ಅದನ್ನೇ ಹೇಳುತ್ತೀಯ, ನಿನ್ನ ಸ್ವಭಾವ ಗೊತ್ತು ನನಗೆ.

ಬೆಸುಗೆ ಕೇಳಿಸುತ್ತದೆ, ಒಪ್ಪುತ್ತೇನೆ. ಫ್ಯೂಗ್ ಇರುವ ಕಡೆ ನನಗೂ ಶಾಲೆಯ ವಾಸನೆ ಬರುತ್ತದೆ, ಕೋಶ ತೆರೆದಿಟ್ಟುಕೊಂಡು ಬರೆದ ಹಾಗೆ. ಆದರೆ ಮೂರಕ್ಕೇ ನಿಲ್ಲಿಸಬೇಕಿತ್ತು ಅನ್ನುವುದನ್ನು ಒಪ್ಪುವುದಿಲ್ಲ. ಮೊದಲ ಭಾಗದ ಕೋಪಕ್ಕೆ ತನ್ನೊಳಗಿಂದ ಹೊರಬರುವ ದಾರಿಯೇ ಇಲ್ಲ, ಅದನ್ನು ಕಟ್ಟಿರುವುದೇ ಹಾಗೆ, ಕೆಳಗಿನ ಸ್ವರ ಬಿಡುವುದಿಲ್ಲ ಅಂದೆನಲ್ಲ. ಅಂಥ ಸಂಗೀತದ ಅಂತ್ಯ ಹೊರಗಿನಿಂದಲೇ ಬರಬೇಕು, ಹೊರಗಿನಿಂದ ಬಂದದ್ದು ಅಂತ ಗೊತ್ತೂ ಆಗಬೇಕು. ನಾಲ್ಕು ಭಾಗವೂ ಒಂದೇ ನೂಲಿನಲ್ಲಿ ನೇಯ್ದಂತೆ ನಯವಾಗಿದ್ದರೆ ನನಗೆ ಅನುಮಾನ ಬರುತ್ತಿತ್ತು. ಕೋಪ ಇಳಿಯುವುದು ತರ್ಕದಿಂದಲ್ಲ. ಯಾರೋ ಬಾಗಿಲು ತಟ್ಟುತ್ತಾರೆ, ಎದ್ದು ಹೋಗಿ ತೆರೆಯುತ್ತೇವೆ, ಅಷ್ಟು ಹೊತ್ತಿಗೆ ಅರ್ಧ ಇಳಿದಿರುತ್ತದೆ.

ಮತ್ತೆ ಆ ಸಂಭ್ರಮ ಪೂರಾ ಸಂಭ್ರಮವೂ ಅಲ್ಲ. ಮುಗಿಯುವ ಸ್ವಲ್ಪ ಮುಂಚೆ ಎಲ್ಲ ನಿಂತು, ಒಂದೇ ಒಂದು ಟ್ರಂಪೆಟ್ ಉಳಿಯುತ್ತದೆ. ಸೈನಿಕರ ಸಮಾಧಿಯ ಹತ್ತಿರ ಊದುವ ತುತ್ತೂರಿಯ ನೆನಪು ತರುವಂಥದ್ದು. ಆ ಕೆಲವು ಕ್ಷಣ ಹಳೆಯ ಗಾಯ ಇನ್ನೂ ಹಸಿಯಾಗಿದೆ ಅಂತ ತೋರಿಸಿ ಮುಚ್ಚುತ್ತಾನೆ. ಆಮೇಲೆ ಎರಡನೇ ಟಿಂಪನಿಯವನು (ಮೂರು ಭಾಗ ಸುಮ್ಮನೆ ಕೂತಿದ್ದ ಪಾಪ), ತಾಳ, ಜಾಗಟೆ, ಎಲ್ಲ ಸೇರುತ್ತವೆ. ಕಟ್ಟಕಡೆಯಲ್ಲಿ ನಡುನಡುವೆ ಮೌನ ಬಿಟ್ಟು ಒಂದೊಂದಾಗಿ ಹೊಡೆಯುವ ಪೆಟ್ಟುಗಳು. ಇದು ಫಿನ್ಲೆಂಡಿನ ಸಂಗೀತ ರಚನಕಾರ ಸಿಬೇಲಿಯಸ್‌ನ ಐದನೇ ಸಿಂಫನಿಯ ಮುಕ್ತಾಯ ಅಂತ ಬಲ್ಲವರು ಮೂಗು ಮುರಿಯುತ್ತಾರೆ. ನಿಜವೇ. ಮೂವತ್ತರ ದಶಕದ ಇಂಗ್ಲೆಂಡಿನಲ್ಲಿ ಸಿಬೇಲಿಯಸ್ ಅಂದರೆ ಹುಚ್ಚು, ಲ್ಯಾಂಬರ್ಟ್ ಕೂಡ ಅವನ ದೊಡ್ಡ ಭಕ್ತ. ಕೆಳಸ್ವರವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುವ ವಿದ್ಯೆಯೂ ಅಲ್ಲಿಂದಲೇ ಬಂದದ್ದು. ಆದರೆ ಫಿನ್ಲೆಂಡಿನವನ ಕೈಯಲ್ಲಿ ಅದು ಮನುಷ್ಯರಿಲ್ಲದ ಕಾಡು, ಹಿಮ. ವಾಲ್ಟನ್ ಕೈಯಲ್ಲಿ ಅದು ನಿದ್ದೆಗೆಟ್ಟ ಮನುಷ್ಯ. ಕದ್ದರೂ ಬೇರೆಯದಕ್ಕೆ ಬಳಸಿದ.

ಇನ್ನು 1930ರ ದಶಕ ಅಂದ ಕೂಡಲೇ ಹಿಟ್ಲರ್, ಯುದ್ಧದ ಮುನ್ಸೂಚನೆ ಅಂತೆಲ್ಲ ಈ ಸಿಂಫನಿಗೆ ಅರ್ಥ ಹಚ್ಚುವವರಿದ್ದಾರೆ. ನನಗೆ ರುಚಿಸುವುದಿಲ್ಲ. ಒಬ್ಬ ಮನುಷ್ಯನ ಖಾಸಗಿ ಸಂಕಟಕ್ಕೆ ಇಷ್ಟು ದೊಡ್ಡ ದನಿ ಇರಬಾರದು ಅಂತ ಯಾರು ಹೇಳಿದರು?

ನಿನಗಾಗಿ ಒಂದು ಮೈಸೂರಿನ ಎಳೆಯನ್ನು ಉಳಿಸಿಕೊಂಡಿದ್ದೆ. ವಾಲ್ಟನ್ ತಾನೇ ನಿರ್ದೇಶಿಸಿ ಈ ಸಿಂಫನಿಯನ್ನು 1951ರಲ್ಲಿ ರೆಕಾರ್ಡ್ ಮಾಡಿದ. ನುಡಿಸಿದ್ದು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ. ವಾಲ್ಟರ್ ಲೆಗ್ ಎಂಬಾತ 1945ರಲ್ಲಿ ಕಟ್ಟಿದ ಆ ವಾದ್ಯವೃಂದಕ್ಕೆ ಮೊದಲ ವರ್ಷಗಳಲ್ಲಿ ಬೆನ್ನಿಗೆ ನಿಂತವರು ನಮ್ಮ ಜಯಚಾಮರಾಜ ಒಡೆಯರು! ಮೂರು ವರ್ಷ, ವರ್ಷಕ್ಕೆ ಹತ್ತು ಸಾವಿರ ಪೌಂಡ್ ಕೊಡುವುದಾಗಿ ಒಡೆಯರು ಹೇಳಿದ್ದನ್ನು ಲೆಗ್ ಬರೆದಿಟ್ಟಿದ್ದಾನೆ. ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಹಾಡುಗಳು' 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದು ಅವರ ನೆರವಿನಿಂದ. ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಮುದಿವಯಸ್ಸಿನಲ್ಲಿ ತನ್ನ ಕೃತಿಗಳನ್ನು ರೆಕಾರ್ಡ್ ಮಾಡಲಾದದ್ದೂ ಅವರಿಂದಲೇ, ಅದಕ್ಕೆ ಆತ ತನ್ನ ಮೂರನೇ ಪಿಯಾನೊ ಕಾನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ವಾಲ್ಟನ್‌ನ ಈ ರೆಕಾರ್ಡಿಗೇ ಅರಮನೆಯ ಹಣ ಹೋಯಿತು ಅಂತ ನಾನು ಹೇಳುತ್ತಿಲ್ಲ, ಊರಲ್ಲಿ ಹಾಗೆ ಹಬ್ಬಿಸಬೇಡ. ಆದರೆ ಆ ಪಿಟೀಲುಗಳ ಸಾಲು ಕೇಳುವಾಗ ದೇವರಾಜ ಮಾರ್ಕೆಟ್ ಪಕ್ಕದಲ್ಲಿ ಬೆಳೆದ ನನಗೆ ಒಂದಿಷ್ಟು ಹೆಮ್ಮೆಯಾದರೆ ತಪ್ಪೇನು?

ಹಾಗಂತ ನೀನು ಅದರಿಂದ ಶುರು ಮಾಡಬೇಡ. ಬರೆದವನು ತನ್ನದನ್ನೇ ನುಡಿಸುವಾಗ ಸ್ವಲ್ಪ ಸಭ್ಯನಾಗಿಬಿಟ್ಟಿದ್ದಾನೆ ಅಂತ ನನ್ನ ಅನಿಸಿಕೆ. ಆಂಡ್ರೆ ಪ್ರೆವಿನ್ 1966ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಮಾಡಿದ್ದು ಇದೆ, ಅದನ್ನು ಹಾಕು. ಹಿತ್ತಾಳೆ ವಾದ್ಯದವರು ಅವತ್ತು ಯಾರ ಮೇಲೆ ಸೇಡು ತೀರಿಸಿಕೊಂಡರೋ. ಹಳೆಯದು ಕೇಳುವ ಚಟವಿದ್ದರೆ ಹಾರ್ಟಿಯ 1935ರದ್ದು, ಕರಕರ ಸದ್ದಿನ ನಡುವೆಯೂ ಆ ಅವಸರ ಮೈಮೇಲೆ ಬರುತ್ತದೆ.

ಮೊದಲ ಭಾಗದಿಂದ ಬೇಡ, ಸ್ಕೆರ್ಟ್ಸೊದಿಂದ ಶುರು ಮಾಡು. ಆಮೇಲೆ ಕೊಳಲಿನದು. ಒಂದು ದಿನ ಬಿಟ್ಟು ನಾಲ್ಕೂ ಸೇರಿಸಿ ಕೇಳು, ಮುಕ್ಕಾಲು ಗಂಟೆಯ ಕೆಲಸ. ಮೊಬೈಲಿನ ಸ್ಪೀಕರಿನಲ್ಲಿ ಖಂಡಿತ ಬೇಡ, ಆ ಕೆಳಗಿನ ಸ್ವರ ಅದರಲ್ಲಿ ಕೇಳಿಸುವುದೇ ಇಲ್ಲ, ಅದು ಕೇಳಿಸದಿದ್ದರೆ ನಾನು ಇಷ್ಟು ಹೊತ್ತು ಬಡಬಡಿಸಿದ್ದೆಲ್ಲ ದಂಡ. ನಿಮ್ಮ ಮನೆಯ ದೊಡ್ಡ ಸ್ಪೀಕರುಗಳ ಮೇಲಿನ ಧೂಳು ಒರೆಸಿ ಅದರಲ್ಲೇ ಹಾಕು. ಸುಮಾ ಬೈದರೆ ನನ್ನ ಹೆಸರು ಹೇಳು.

ನಿನ್ನ,
ಶ್ರೀನಿವಾಸ